ನಿದ್ದೆಗೆಟ್ಟ ಮಿದುಳು, ಒಳಗಿನ ಗಾಂಜಾ

ಹೋದ ವರ್ಷ ಅಮ್ಮನಿಗೆ ಆಪರೇಷನ್ ಆದಾಗ ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿ ನಾನೇ ಉಳಿದಿದ್ದೆ. ವಾರ್ಡಿನ ಹೊರಗೆ ಸ್ಟೀಲ್ ಕುರ್ಚಿಗಳ ಸಾಲು. ಮಲಗಿದರೆ ಬೆನ್ನು ನೋವು, ಕೂತರೆ ಕತ್ತು ನೋವು. ಗಂಟೆಗೊಮ್ಮೆ ನರ್ಸ್ ಬಂದು ಬಿಪಿ ನೋಡುತ್ತಿದ್ದರು, ಅವರ ಜೊತೆ ನಾನೂ ಎದ್ದು ಒಳಗೆ ಹೋಗುತ್ತಿದ್ದೆ. ಎಲ್ಲ ಸೇರಿಸಿದರೆ ರಾತ್ರಿಗೆ ನಾಲ್ಕು ಗಂಟೆ ನಿದ್ದೆ ಆಗಿದ್ದರೆ ಅದೇ ಜಾಸ್ತಿ.

ನಾಲ್ಕನೇ ದಿನ ಮಧ್ಯಾಹ್ನ ಅಕ್ಕ ಮನೆಯಿಂದ ಊಟ ತಂದಳು. ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ. ಹೊಟ್ಟೆ ತುಂಬ ಉಂಡೆ. ಅರ್ಧ ಗಂಟೆ ಕಳೆದಿರಲಿಲ್ಲ, ನನ್ನ ಕೈ ಖಾರದ ಮಿಕ್ಸ್ಚರ್ ಪ್ಯಾಕೆಟ್ಟಿನೊಳಗೆ ಇತ್ತು. "ಏನೋ, ಈಗ ತಾನೇ ಊಟ ಆಯ್ತಲ್ಲ?" ಅಂದಳು ಅಕ್ಕ. ನಿಜ, ಹಸಿವಿರಲಿಲ್ಲ. ಆದರೂ ಕರಿದ ಎಣ್ಣೆಯ ವಾಸನೆ, ಹುರಿದ ಕಡ್ಲೆಬೀಜ, ಬೆರಳ ತುದಿಗೆ ಅಂಟಿದ ಉಪ್ಪು ಖಾರ ಬಿಡಲೇ ಇಲ್ಲ. ಪ್ಯಾಕೆಟ್ ಖಾಲಿಯಾದ ಮೇಲೆ ಅದರ ಮೂಲೆಯ ಪುಡಿಯನ್ನೂ ಅಂಗೈಗೆ ಸುರಿದುಕೊಂಡೆ.

ಆಗ ನನ್ನ ಮನಸ್ಸಿಗೆ ಬಂದದ್ದು ಒಂದೇ: ನನಗೆ ಬಾಯಿ ಹಿಡಿತ ಇಲ್ಲ. ಆಮೇಲೆ ಷಿಕಾಗೊ ವಿಶ್ವವಿದ್ಯಾಲಯದ ಒಂದು ಪ್ರಯೋಗದ ಬಗ್ಗೆ ಓದಿದಾಗ ಆ ಮಾತು ತಪ್ಪು ಅಂತ ಗೊತ್ತಾಯಿತು. ಅವರು ಮಾಡಿಸಿದ್ದು ಹೆಚ್ಚು ಕಡಿಮೆ ನನ್ನ ಆಸ್ಪತ್ರೆಯ ನಾಲ್ಕು ರಾತ್ರಿಗಳನ್ನೇ.

2016ರಲ್ಲಿ ಪ್ರಕಟವಾದ ಪ್ರಯೋಗ ಅದು. ಎರಿನ್ ಹ್ಯಾನ್ಲನ್ ಮತ್ತು ಸಂಗಡಿಗರು 14 ಆರೋಗ್ಯವಂತ ಯುವಕ ಯುವತಿಯರನ್ನು ಎರಡು ಸಲ, ನಾಲ್ಕು ನಾಲ್ಕು ದಿನ ಲ್ಯಾಬಿನಲ್ಲಿ ಇರಿಸಿಕೊಂಡರು. ಒಂದು ಸಲ ರಾತ್ರಿ 8.5 ಗಂಟೆ ಹಾಸಿಗೆ, ಇನ್ನೊಂದು ಸಲ ಬರೀ 4.5 ಗಂಟೆ. ಊಟ ಎರಡು ಸಲವೂ ಒಂದೇ. ಜೊತೆಗೆ ರಕ್ತ ತೆಗೆದು 2-ಎಜಿ ಎಂಬ ಒಂದು ರಾಸಾಯನಿಕ ಎಷ್ಟಿದೆ ಅಂತ ಅಳೆದರು. ಈ 2-ಎಜಿ ಚೆನ್ನಾಗಿ ಮಲಗಿದವರಲ್ಲೂ ದಿನಕ್ಕೊಂದು ಸಲ ಏರಿ ಇಳಿಯುತ್ತದೆ. ನಡುರಾತ್ರಿಯಲ್ಲಿ ಕಡಿಮೆ ಇರುತ್ತದೆ, ಬೆಳಗಾದ ಮೇಲೆ ನಿಧಾನಕ್ಕೆ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿ ಇಳಿಯುತ್ತದೆ. ನಿದ್ದೆ ಕೆಟ್ಟಾಗ ಆ ತುದಿ ಸುಮಾರು ಶೇ 33ರಷ್ಟು ಎತ್ತರಕ್ಕೆ ಹೋಯಿತು. ಬೇಗ ಇಳಿಯಲೂ ಇಲ್ಲ, ರಾತ್ರಿ ಒಂಬತ್ತರ ತನಕ ಮೇಲೆಯೇ ಉಳಿಯಿತು.

ಕೊನೆಗೆ, ದೊಡ್ಡ ಊಟ ಮುಗಿದು ಎರಡು ಗಂಟೆಯೂ ಆಗಿರದ ಹೊತ್ತಿಗೆ ತಿಂಡಿಗಳನ್ನು ಮುಂದಿಟ್ಟರು. ನಿದ್ದೆಗೆಟ್ಟಿದ್ದಾಗ ಇದೇ ಜನ ಅರ್ಧದಷ್ಟು ಹೆಚ್ಚು ಕ್ಯಾಲರಿ ತಿಂದರು, ಕೊಬ್ಬಂತೂ ಹತ್ತಿರ ಹತ್ತಿರ ಎರಡರಷ್ಟು. ಎಚ್ಚರ ಇದ್ದದ್ದಕ್ಕೆ ಮೈ ಖರ್ಚು ಮಾಡಿದ್ದು ಹೆಚ್ಚೆಂದರೆ 70 ಕ್ಯಾಲರಿ. ಹೆಚ್ಚಿಗೆ ತಿಂದದ್ದು 300ಕ್ಕೂ ಜಾಸ್ತಿ. ಅಂದರೆ ಇದು ಹೊಟ್ಟೆ ಹಾಕಿದ ಲೆಕ್ಕ ಅಲ್ಲ. ಲೆಕ್ಕ ಹಾಕಿದ್ದು ಮಿದುಳು.

ಈ 2-ಎಜಿ ಏನು? ಅದು ನಮ್ಮ ಮೈ ತಾನೇ ತಯಾರಿಸಿಕೊಳ್ಳುವ ಗಾಂಜಾ ಜಾತಿಯ ವಸ್ತು. ಇದರ ಹಿಂದಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥ ಆಗೋದಿಲ್ಲ.

1964ರಲ್ಲಿ ಇಸ್ರೇಲಿನ ರಾಫೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೊನಿ ಗಾಂಜಾದಲ್ಲಿ ಅಮಲು ಬರಿಸುವ ವಸ್ತುವನ್ನು ಬೇರ್ಪಡಿಸಿದರು. ಅದೇ ಟಿಎಚ್‌ಸಿ. ಅದು ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಅನ್ನೋದು ಮಾತ್ರ ಇಪ್ಪತ್ತು ವರ್ಷ ದಾಟಿದರೂ ಗೊತ್ತಾಗಲಿಲ್ಲ. 1988ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆಲಿನ್ ಹೌಲೆಟ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಡಿವೇನ್ ಇಲಿಯ ಮಿದುಳಿನಲ್ಲಿ ಆ ಜಾಗ ಕಂಡುಹಿಡಿದರು. ಈಗ ಅದನ್ನು ಸಿಬಿ1 ರಿಸೆಪ್ಟರ್ ಅನ್ನುತ್ತಾರೆ. ಮಿದುಳಿನಲ್ಲಿ ಅದು ಅಲ್ಲೊಂದು ಇಲ್ಲೊಂದು ಇರುವ ವಸ್ತುವಲ್ಲ. ನೆನಪು, ಹಸಿವು, ಭಯ, ಚಲನೆ, ಇವುಗಳನ್ನು ನೋಡಿಕೊಳ್ಳುವ ಜಾಗಗಳಲ್ಲೆಲ್ಲ ದಟ್ಟವಾಗಿದೆ.

ಈಗ ಯೋಚನೆ ಮಾಡಿ. ಎಲ್ಲೋ ಗುಡ್ಡದಲ್ಲಿ ಬೆಳೆಯುವ ಒಂದು ಗಿಡಕ್ಕೋಸ್ಕರ ನಮ್ಮ ಮಿದುಳು ಇಷ್ಟೊಂದು ಜಾಗ ಮಾಡಿಟ್ಟಿರುತ್ತದಾ? ಇರಲಾರದು. ಒಳಗೇ ಏನೋ ಇರಬೇಕು, ಈ ಜಾಗ ಅದಕ್ಕಾಗಿಯೇ ಇರಬೇಕು. ಹುಡುಕಾಟ ಶುರುವಾಯಿತು. ಡಿವೇನ್ ಜೆರುಸಲೇಮಿಗೆ ಹೋಗಿ ಮೆಕೂಲಮ್ ಅವರ ಲ್ಯಾಬ್ ಸೇರಿದರು. 1992ರಲ್ಲಿ ಹಂದಿಯ ಮಿದುಳಿನಿಂದ ಆ ವಸ್ತು ಸಿಕ್ಕಿತು. ಅದಕ್ಕಿಟ್ಟ ಹೆಸರು ಆನಂದಮೈಡ್. ಹೌದು, ನಮ್ಮ 'ಆನಂದ'ವೇ. ಸಂಸ್ಕೃತದ ಆ ಪದವನ್ನು ತೆಗೆದುಕೊಂಡು 'ಅಮೈಡ್' ಅನ್ನುವ ರಸಾಯನಶಾಸ್ತ್ರದ ಬಾಲ ಸೇರಿಸಿದರು. ಇಷ್ಟು ಚೆಂದದ ಹೆಸರಿರುವ ರಾಸಾಯನಿಕ ಇನ್ನೊಂದನ್ನು ನಾನು ಕಂಡಿಲ್ಲ. ಮೂರು ವರ್ಷ ಬಿಟ್ಟು, 1995ರಲ್ಲಿ, ಅದರ ಸೋದರನಂತಿರುವ 2-ಎಜಿ ಸಿಕ್ಕಿತು. ಟಿಎಚ್‌ಸಿ, ಆನಂದಮೈಡ್, 2-ಎಜಿ, ಈ ಬಳಗಕ್ಕೆಲ್ಲ ಸೇರಿ ಕ್ಯಾನಬಿನಾಯ್ಡ್ ಅನ್ನೋದು ಹೆಸರು.

ಇವು ಕೆಲಸ ಮಾಡುವ ರೀತಿ ಸ್ವಲ್ಪ ವಿಚಿತ್ರ. ಸಾಮಾನ್ಯವಾಗಿ ಒಂದು ನರಕೋಶ ಮುಂದಿನದಕ್ಕೆ ಸುದ್ದಿ ಕಳಿಸುತ್ತದೆ. ಸುದ್ದಿ ಒಂದೇ ದಿಕ್ಕಿಗೆ ಹೋಗುತ್ತದೆ. ಮೈ ತಾನೇ ಮಾಡಿಕೊಳ್ಳುವ ಕ್ಯಾನಬಿನಾಯ್ಡ್‌ಗಳು ಮಾತ್ರ ಉಲ್ಟಾ ಬರುತ್ತವೆ, ಪಡೆದವರಿಂದ ಕೊಟ್ಟವರ ಕಡೆಗೆ. ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವರು ಬಕೆಟ್ ಹಿಡಿದು ಬರುತ್ತಾರೆ, ಸೌಟು ತುಂಬ ಹುಳಿ ಸುರಿಯುತ್ತಾರೆ. ಇನ್ನೊಂದು ಸೌಟು ಎತ್ತುವ ಹೊತ್ತಿಗೆ ಉಣ್ಣುವವರು ಎಲೆಗೆ ಕೈ ಅಡ್ಡ ಇಟ್ಟು "ಸಾಕು ಸಾಕು" ಅನ್ನುತ್ತಾರೆ, ಅಲ್ವಾ? ಆ ಅಡ್ಡ ಇಟ್ಟ ಕೈಯೇ ಆನಂದಮೈಡ್, 2-ಎಜಿ. ಸುದ್ದಿ ಜಾಸ್ತಿ ಆಯಿತು ಅನ್ನಿಸಿದಾಗ ಪಡೆಯುವ ಕೋಶ ತನ್ನ ಪೊರೆಯ ಕೊಬ್ಬಿನಿಂದಲೇ ಇದನ್ನು ಆಗಿಂದಾಗ ಮಾಡಿ ಹಿಂದಕ್ಕೆ ಕಳಿಸುತ್ತದೆ. ಡಬ್ಬದಲ್ಲಿ ತುಂಬಿಟ್ಟುಕೊಂಡಿರುವುದಿಲ್ಲ. ಬಡಿಸುವ ಕೋಶದ ಮೇಲೆ ಸಿಬಿ1 ಇರುತ್ತದೆ. ಸುದ್ದಿ ಅದಕ್ಕೆ ಮುಟ್ಟಿದ ಕೂಡಲೇ ಸೌಟು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೇ ಕಿಣ್ವಗಳು ಬಂದು ಆ ವಸ್ತುವನ್ನು ಒಡೆದುಹಾಕುತ್ತವೆ. ಕೈ ಎಲೆಯಿಂದ ಎದ್ದಂತೆ.

ಗಾಂಜಾ ಸೇದಿದಾಗ ಆಗೋದು ಬೇರೆ. ಹೊರಗಿನವನೊಬ್ಬ ಬಂದು ಪಂಕ್ತಿಯಲ್ಲಿದ್ದ ಎಲ್ಲರ ಎಲೆಗೂ ಕೈ ಅಡ್ಡ ಇಟ್ಟ ಹಾಗೆ. ಯಾರಿಗೆ ಬೇಕು, ಯಾರಿಗೆ ಸಾಕು, ಅವನಿಗೆ ಗೊತ್ತಿಲ್ಲ. ಟಿಎಚ್‌ಸಿ ಬೇಗ ಒಡೆದುಹೋಗುವುದೂ ಇಲ್ಲ. ಹಾಗಾಗಿ ಗಂಟೆಗಟ್ಟಲೆ ಆ ಕೈ ಅಲ್ಲೇ ಇರುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರಬೇಕು. 'ಸಾಕು' ಅನ್ನುವ ವಸ್ತು ಜಾಸ್ತಿ ಆದರೆ ತಿನ್ನೋದು ಕಡಿಮೆ ಆಗಬೇಕಲ್ಲ? ಯಾಕೆ ಜಾಸ್ತಿ ಆಗುತ್ತದೆ? ಯಾರಿಗೆ 'ಸಾಕು' ಅಂದಿದ್ದು ಅನ್ನೋದರ ಮೇಲೆ ಅದು ನಿಂತಿದೆ. ಮಿದುಳಿನಲ್ಲಿ ಆಸೆ ಹುಟ್ಟಿಸುವ ಕೋಶಗಳ ಪಕ್ಕದಲ್ಲೇ ಅವುಗಳನ್ನು ತಡೆಯುವ ಕೋಶಗಳೂ ಇವೆ. ತಡೆಯುವವರಿಗೇ "ಸಾಕು, ಸುಮ್ಮನಿರಿ" ಅಂದರೆ ಆಸೆಗೆ ಅಡ್ಡಿ ಇಲ್ಲ. ಮನೆಯಲ್ಲಿ "ಸಿಹಿ ಮುಟ್ಟಬೇಡ" ಅನ್ನುವ ಅಜ್ಜಿಯನ್ನು ಮಲಗಿಸಿದ ಹಾಗೆ. ಗಾಂಜಾ ಸೇದಿದವರಿಗೆ ಹೊಟ್ಟೆಬಾಕತನ ಬರೋದೂ ಹೀಗೆ. ಮೂಗೂ ಇದರಲ್ಲಿ ಸೇರಿಕೊಳ್ಳುತ್ತದೆ. ವಾಸನೆ ಹಿಡಿಯುವ ಭಾಗದಲ್ಲೂ ಸಿಬಿ1 ಇದೆ. ಹಸಿದ ಇಲಿಗಳಲ್ಲಿ ಅದು ಚುರುಕಾದರೆ ವಾಸನೆ ಹೆಚ್ಚು ಗೊತ್ತಾಗುತ್ತದೆ, ತಿನ್ನುವುದೂ ಹೆಚ್ಚುತ್ತದೆ ಅಂತ 2014ರ ಒಂದು ಅಧ್ಯಯನ ತೋರಿಸಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನನ್ನು ಹಿಡಿದದ್ದೂ ಮೊದಲು ಮಿಕ್ಸ್ಚರಿನ ವಾಸನೆಯೇ.

ಒಂದು ಮಾತು ಇಲ್ಲಿ ನೇರವಾಗಿ ಹೇಳಬೇಕು. ಷಿಕಾಗೊದವರು ಅಳೆದದ್ದು ರಕ್ತದಲ್ಲಿ, ಮಿದುಳಿನಲ್ಲಲ್ಲ. ಜನವೂ ಬರೀ 14. ನಿದ್ದೆಗೆಟ್ಟಾಗ ಹಸಿವೆ ಹೆಚ್ಚಲು 2-ಎಜಿ ಒಂದೇ ಕಾರಣವೂ ಅಲ್ಲ. ಅದೇ ವಿಶ್ವವಿದ್ಯಾಲಯದ 2004ರ ಇನ್ನೊಂದು ಪ್ರಯೋಗದಲ್ಲಿ ಎರಡು ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಿದ ಯುವಕರಲ್ಲಿ ಹೊಟ್ಟೆ ತುಂಬಿತು ಅನ್ನುವ ಲೆಪ್ಟಿನ್ ಶೇ 18 ಇಳಿದಿತ್ತು, ಹಸಿವು ಹುಟ್ಟಿಸುವ ಗ್ರೆಲಿನ್ ಶೇ 28 ಏರಿತ್ತು. ಇದು ಹೊಟ್ಟೆಯ ಹಸಿವಿನ ಮಾತಾಯಿತು. ಕ್ಯಾನಬಿನಾಯ್ಡ್ ಮುಟ್ಟುವುದು ಬಾಯಿ ಚಪಲವನ್ನು. ಮುದ್ದೆ ಬೇಡ, ಮಿಕ್ಸ್ಚರ್ ಬೇಕು ಅನ್ನುವುದನ್ನು. ನನಗೆ ಈ ಎರಡರ ವ್ಯತ್ಯಾಸ ತುಂಬ ಮುಖ್ಯ ಅನ್ನಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬೋಂಡಾ ಅಂಗಡಿ ಮುಂದೆ ನಿಲ್ಲುವ ಸೆಕ್ಯುರಿಟಿ ಗಾರ್ಡ್, ನರ್ಸ್, ಬಸ್ ಡ್ರೈವರ್, ಇವರಿಗೆಲ್ಲ "ಸ್ವಲ್ಪ ಕಂಟ್ರೋಲ್ ಇರಲಿ" ಅನ್ನುವ ಮಾತು ಎಷ್ಟು ಸುಲಭವಾಗಿ ಬಂದುಬಿಡುತ್ತದೆ. ಕಂಟ್ರೋಲ್ ಮಾಡುವ ಭಾಗವೇ ಆಗ ಅರ್ಧ ಮಲಗಿರುತ್ತದೆ.

ಇದು ಬರೀ ಮಾತಲ್ಲ. 2013ರಲ್ಲಿ ಬರ್ಕ್‌ಲಿಯ ಸಂಶೋಧಕರು ಒಂದು ರಾತ್ರಿ ಪೂರ್ತಿ ಎಚ್ಚರವಿದ್ದವರಿಗೆ ಸ್ಕ್ಯಾನರಿನಲ್ಲಿ ತಿನಿಸುಗಳ ಚಿತ್ರ ತೋರಿಸಿದರು. ತೂಗಿ ನೋಡಿ ತೀರ್ಮಾನ ಮಾಡುವ ಮುಂದಿನ ಭಾಗ ಮಂಕಾಗಿತ್ತು. ಆಸೆ, ಭಯಗಳಿಗೆ ಸ್ಪಂದಿಸುವ ಒಳಗಿನ ಅಮಿಗ್ಡಲಾ ಮಾತ್ರ ಜೋರಾಗಿತ್ತು. ಅವರು ಆರಿಸಿದ್ದೂ ಜಾಸ್ತಿ ಕ್ಯಾಲರಿ ಇರುವ ತಿನಿಸುಗಳನ್ನೇ. ನಿದ್ದೆಗೆಟ್ಟ ಮಿದುಳಿನಲ್ಲಿ ಕೆಲವು ನರಕೋಶಗಳು, ನಾವು ಕಣ್ಣು ಬಿಟ್ಟುಕೊಂಡಿರುವಾಗಲೇ, ಕ್ಷಣ ಹೊತ್ತು ತೂಕಡಿಸುತ್ತವೆ ಅಂತ 2011ರಲ್ಲಿ ಇಲಿಗಳಲ್ಲಿ ಕಂಡುಬಂದಿದೆ. ಸತತ 17 ಗಂಟೆ ಎಚ್ಚರವಿದ್ದವನ ಚುರುಕುತನ ರಕ್ತದಲ್ಲಿ ಶೇ 0.05 ಮದ್ಯ ಇರುವವನಷ್ಟಕ್ಕೆ ಇಳಿಯುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು 2003ರ ಪೆನ್ಸಿಲ್ವೇನಿಯಾ ಪ್ರಯೋಗ. ರಾತ್ರಿಗೆ ಆರು ಗಂಟೆಯಂತೆ ಹದಿನಾಲ್ಕು ದಿನ ಮಲಗಿದವರು, ಪರೀಕ್ಷೆಗೆ ಕೂತಾಗ, ರಾತ್ರಿಯಿಡೀ ನಿದ್ದೆಗೆಟ್ಟವರ ಮಟ್ಟಕ್ಕೆ ಬಂದಿದ್ದರು. ತಮಗೆ ಅಷ್ಟೇನೂ ನಿದ್ದೆ ಕಮ್ಮಿಯಾಗಿಲ್ಲ ಅಂತಲೇ ಅವರು ಅಂದುಕೊಂಡಿದ್ದರು.

ಇನ್ನು ನಿದ್ದೆಗೂ ಈ ಒಳಗಿನ ಗಾಂಜಾಕ್ಕೂ ನೇರವಾದ ನಂಟೂ ಇದೆ. 1995ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯವರು ನಿದ್ದೆಗೆಡಿಸಿದ ಬೆಕ್ಕುಗಳ ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವ ತೆಗೆದು ನೋಡಿದರು. ಅದರಲ್ಲಿ ಓಲಿಯಮೈಡ್ ಎಂಬ ಕೊಬ್ಬಿನ ವಸ್ತು ಸಿಕ್ಕಿತು. ಅದನ್ನು ಇಲಿಗೆ ಚುಚ್ಚಿದರೆ ಇಲಿ ನಿದ್ದೆ ಹೋಯಿತು. ಆ ಓಲಿಯಮೈಡನ್ನು ಒಡೆಯುವ ಕಿಣ್ವ ಯಾವುದು ಅಂತ ಅದೇ ತಂಡದ ಬೆಂಜಮಿನ್ ಕ್ರಾವಾಟ್ ಹುಡುಕಿದರು. ಮರುವರ್ಷ ಸಿಕ್ಕಿತು, ಹೆಸರು ಫಾ. ನೋಡಿದರೆ ಆನಂದಮೈಡನ್ನು ಒಡೆಯುವುದೂ ಅದೇ. ಎಲೆಯ ಮೇಲಿನ ಕೈ ಎತ್ತುವವನ ಗುರುತು ಸಿಕ್ಕಿದ್ದು ನಿದ್ದೆಯಿಲ್ಲದ ಬೆಕ್ಕುಗಳಿಂದ.

ಮೆಕ್ಸಿಕೊದ ಎರಿಕ್ ಮುರಿಯೊ ರೋಡ್ರಿಗಸ್ ಅವರ ತಂಡ ಮುಂದೆ ಇಲಿಗಳಲ್ಲಿ ಆನಂದಮೈಡ್ ನಿದ್ದೆ ಹೆಚ್ಚಿಸುತ್ತದೆ ಅಂತ ತೋರಿಸಿತು. ಅದು ಅಡೆನೊಸಿನ್ ಪ್ರಮಾಣವನ್ನೂ ಏರಿಸುತ್ತದೆ. ಅಡೆನೊಸಿನ್ ಅಂದರೆ ನಾವು ಎಚ್ಚರ ಇದ್ದಷ್ಟೂ ಮಿದುಳಿನಲ್ಲಿ ಸೇರುತ್ತಾ ಹೋಗುವ ವಸ್ತು. ರಾತ್ರಿ ರೆಪ್ಪೆ ಭಾರವಾಗುವುದು ಅದರಿಂದ. ಸಂಜೆ ಕಾಫಿ ಕುಡಿದರೆ ನಿದ್ದೆ ಹಾರುವುದು ಕೆಫೀನ್ ಅದರ ಜಾಗಕ್ಕೆ ಹೋಗಿ ಕೂರುವುದರಿಂದ.

ಹಾಗಾದರೆ ಗಾಂಜಾ ತೆಗೆದುಕೊಂಡರೆ ನಿದ್ದೆ ಬರುತ್ತದಲ್ಲ, ಅದರಲ್ಲೇನು ತಪ್ಪು ಅಂತ ಕೇಳುವವರು ನನ್ನ ಸುತ್ತಲೇ ಇದ್ದಾರೆ. ನಮ್ಮ ಕಡೆ ಭಂಗಿ ಸೊಪ್ಪು ಹೊಸದಲ್ಲ. 2019ರಲ್ಲಿ ಬಂದ ದೇಶದ ಸಮೀಕ್ಷೆಯ ಪ್ರಕಾರ ಸುಮಾರು 3.1 ಕೋಟಿ ಭಾರತೀಯರು ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ಹೂ ತುದಿಯನ್ನು, ಅಂದರೆ ಗಾಂಜಾವನ್ನು, ನಿಷೇಧದಡಿ ಇಟ್ಟಿದೆ. ಬರೀ ಎಲೆ, ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಕಾನೂನು ಹಾಗಿರಲಿ, ಮಿದುಳಿನ ಮಾತು ನೋಡೋಣ.

ಮೊದಮೊದಲು ಟಿಎಚ್‌ಸಿ ಬೇಗ ನಿದ್ದೆ ತರುವುದು ನಿಜ. ಆದರೆ ಆ ನಿದ್ದೆಯ ಒಳಗೆ ಏನೋ ಕಳೆದಿರುತ್ತದೆ. ಕನಸು ಬೀಳುವ ಹಂತ, ಡಾಕ್ಟರುಗಳು ರೆಮ್ ಅನ್ನುವ ನಿದ್ದೆ, ಕಡಿಮೆಯಾಗುತ್ತದೆ. ಇತ್ತೀಚೆಗೆ ಆಸ್ಟ್ರೇಲಿಯಾದಲ್ಲಿ ನಿದ್ರಾಹೀನತೆ ಇರುವ 20 ಜನರಿಗೆ 10 ಮಿಲಿಗ್ರಾಂ ಟಿಎಚ್‌ಸಿ, ಗಾಂಜಾದಲ್ಲೇ ಇರುವ ಇನ್ನೊಂದು ವಸ್ತು ಸಿಬಿಡಿ 200 ಮಿಲಿಗ್ರಾಂ ಸೇರಿಸಿ ಒಂದೇ ಒಂದು ಸಲ ಕೊಟ್ಟು ಲ್ಯಾಬಿನಲ್ಲಿ ಮಲಗಿಸಿ ನೋಡಿದರು. ಒಟ್ಟು ನಿದ್ದೆ ಸುಮಾರು 25 ನಿಮಿಷ ಕಡಿಮೆಯಾಯಿತು, ರೆಮ್ ನಿದ್ದೆ ಸುಮಾರು 34 ನಿಮಿಷ. ದಿನಾ ತೆಗೆದುಕೊಳ್ಳುವವರಲ್ಲಿ ಇನ್ನೊಂದು ಸಮಸ್ಯೆ. ಎಲೆಗೆ ಸದಾ ಯಾರೋ ಕೈ ಅಡ್ಡ ಇಟ್ಟಿದ್ದರೆ ಬಡಿಸುವವರು ಆ ಕೈಯನ್ನು ನೋಡುವುದನ್ನೇ ಬಿಡುತ್ತಾರೆ. ಮಿದುಳಿನಲ್ಲೂ ಹಾಗೆ, ಸಿಬಿ1 ರಿಸೆಪ್ಟರುಗಳು ಕಡಿಮೆಯಾಗುತ್ತವೆ. ನಿನ್ನೆ ಸಾಕಾದದ್ದು ಇವತ್ತು ಸಾಲುವುದಿಲ್ಲ. ನಿಲ್ಲಿಸಿದರೆ ನಿದ್ದೆಯೇ ಬರುವುದಿಲ್ಲ, ಬಂದರೆ ವಿಚಿತ್ರ ಕನಸು. ಇದನ್ನು ನೋಡಿ ಜನ "ನನಗೆ ಗಾಂಜಾ ಇಲ್ಲದೆ ನಿದ್ದೆ ಇಲ್ಲ" ಅಂತ ತೀರ್ಮಾನಿಸಿ ಮತ್ತೆ ಶುರು ಮಾಡುತ್ತಾರೆ. ಅದು ನಿಲ್ಲಿಸಿದ್ದರ ಪರಿಣಾಮ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಯಾರಾದರೂ ಹೇಳಬೇಕಿತ್ತು ಅಂತ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಸಿಬಿಡಿ ಅಮಲು ಬರಿಸುವುದಿಲ್ಲ. ಕೆಲವು ಅಪರೂಪದ ಮೂರ್ಛೆರೋಗಗಳಿಗೆ ಅದು ಒಪ್ಪಿಗೆ ಪಡೆದ ಔಷಧ. ನಿದ್ದೆಗೆ ಅದರಿಂದ ಗಟ್ಟಿಯಾದ ಲಾಭ ಇನ್ನೂ ಕಂಡುಬಂದಿಲ್ಲ.

ಹಾಗಿದ್ದರೆ ಈ ಸಿಬಿ1ಗೆ ಬೀಗ ಹಾಕಿಬಿಟ್ಟರೆ ಹೇಗೆ? ಚಪಲವೂ ಹೋಗುತ್ತದೆ, ತೂಕವೂ ಇಳಿಯುತ್ತದೆ. ಅದನ್ನೂ ಮಾಡಿ ನೋಡಿದ್ದಾಗಿದೆ. ರಿಮೊನಬ್ಯಾಂಟ್ ಎಂಬ ಮಾತ್ರೆ 2006ರಲ್ಲಿ ಯುರೋಪಿನಲ್ಲಿ ಬಂತು. ತಿಂದವರ ತೂಕ ಇಳಿಯಿತು. ಜೊತೆಗೆ ಕೆಲವರಲ್ಲಿ ಖಿನ್ನತೆ, ಆತಂಕ, ಸಾಯುವ ಯೋಚನೆಗಳು ಬಂದವು. 2008ರಲ್ಲಿ ಅದನ್ನು ಹಿಂತೆಗೆದುಕೊಂಡರು. ಚಪಲದ ಕೈ ಮತ್ತು ಸಮಾಧಾನದ ಕೈ ಎರಡೂ ಒಂದೇ ಆಗಿತ್ತು.

ನನ್ನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದಾನೆ. ಬೆಳಿಗ್ಗೆ ಏಳಕ್ಕೆ ಮನೆ ಸೇರುತ್ತಾನೆ. ಹೊರಗೆ ಹಾರ್ನ್, ತರಕಾರಿ ಗಾಡಿ, ಪಕ್ಕದ ಮನೆಯ ಕುಕ್ಕರ್ ಕೂಗು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ, ಇವನಿಗೆ ಚಿಂತೆಯೂ ಇತ್ತು, ಸಂತೆಯೂ ಇತ್ತು. ಎರಡು ವರ್ಷ ಗಾಂಜಾ ಸೇದಿಯೇ ಮಲಗಿದ. ಮಗಳು ಹುಟ್ಟಿದ ಮೇಲೆ ಬಿಟ್ಟ. ಬಿಟ್ಟ ನಾಲ್ಕನೇ ದಿನ ಮಟಮಟ ಮಧ್ಯಾಹ್ನ ಫೋನ್ ಮಾಡಿದ. ದನಿ ನಡುಗುತ್ತಿತ್ತು. "ಕಣ್ಣು ಮುಚ್ಚಿದ್ರೆ ಅಜ್ಜಿ ಮನೆ ಬಾವಿ ಕಾಣುತ್ತೆ ಕಣೋ. ಒಳಗಿಂದ ಯಾರೋ ಕೂಗ್ತಾರೆ. ಮೈಯೆಲ್ಲಾ ಬೆವರು. ನಂಗೇನೋ ಆಗ್ತಿದೆ" ಅಂದ.

ನಾನು ಓದಿದ್ದನ್ನೇ ಹೇಳಿದೆ. ಎರಡು ವರ್ಷ ತಡೆಹಿಡಿದಿದ್ದ ಕನಸಿನ ನಿದ್ದೆ ಈಗ ಒಟ್ಟಿಗೇ ನುಗ್ಗಿ ಬರುತ್ತಿದೆ. ಹುಚ್ಚಲ್ಲ, ರೋಗವೂ ಅಲ್ಲ. ಬಿಟ್ಟವರಲ್ಲಿ ತುಂಬ ಜನಕ್ಕೆ ಹೀಗಾಗುತ್ತದೆ. ಮೊದಲ ವಾರ ಕಷ್ಟ, ಆಮೇಲೆ ಇಳಿಯುತ್ತದೆ, ಕೆಲವರಿಗೆ ನಿದ್ದೆ ಸರಿಹೋಗಲು ಕೆಲವು ವಾರ ಹಿಡಿಯುತ್ತದೆ. ಸಿಬಿ1 ರಿಸೆಪ್ಟರುಗಳಂತೂ ಬಿಟ್ಟ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳಲು ಶುರು ಮಾಡುತ್ತವೆ, ತಿಂಗಳೊಪ್ಪತ್ತಿಗೆ ಹೆಚ್ಚು ಕಡಿಮೆ ಮೊದಲಿನಂತಾಗುತ್ತವೆ. ಮನಸ್ಸು ತೀರಾ ಕುಗ್ಗಿದರೆ ಕಾಯಬೇಡ, ಡಾಕ್ಟರ ಹತ್ತಿರ ಹೋಗು, ನಾನೂ ಬರ್ತೀನಿ ಅಂದೆ. ದಪ್ಪ ಪರದೆ ಹಾಕಿಸಿದ. ಪಾಳಿ ಮುಗಿಯುವ ಹೊತ್ತಿನ ಕಾಫಿ ಬಿಟ್ಟ. ಎರಡನೇ ವಾರವೂ ಎರಡು ಸಲ ಫೋನ್ ಬಂತು. ಒಂದರಲ್ಲಿ ಬಾವಿಯ ಹತ್ತಿರ ಅಜ್ಜಿಯೇ ನಿಂತಿದ್ದಳಂತೆ, ನೀರು ಸೇದುತ್ತಾ.

ಮೂರನೇ ವಾರ ಫೋನ್ ಬರಲಿಲ್ಲ. ಒಂದು ಶುಕ್ರವಾರ ಹಗಲು ಹನ್ನೊಂದಕ್ಕೆ ನಾನೇ ಮಾಡಿದೆ. ಅವನ ಹೆಂಡತಿ ಎತ್ತಿಕೊಂಡು, ಮೆಲ್ಲಗೆ, "ಮಲಗಿದಾರಣ್ಣ, ಎಬ್ಬಿಸ್ಲಾ?" ಅಂದರು.

"ಬೇಡಮ್ಮ, ಮಲಗ್ಲಿ" ಅಂದೆ.